ನಾಲ್ಕು ಪೆಟ್ಟಿಗೆಗಳ ಆಯುಧಪೂಜೆ

ನಾನು ಹುಟ್ಟಾ ಪುಕ್ಕಲ. ಮೈಸೂರಿನ ಸರಸ್ವತಿಪುರಂನ ಶಾಲೆಯೊಂದರಲ್ಲಿ ಕಂಪ್ಯೂಟರ್ ಮೇಷ್ಟ್ರಾಗಿದ್ದಾಗ ಆಡಳಿತ ಮಂಡಳಿಯ ಸೆಕ್ರೆಟರಿಯವರ ಕಾರು ಗೇಟಿಗೆ ಬಂದರೆ ಸಾಕು, ನನ್ನ ಅಂಗೈ ಬೆವರುತ್ತಿತ್ತು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆ ಆರ್ಡರ್‌ಗೆ ಸಹಿ ಹಾಕಬೇಕಾದವರು ಅವರೇ. ಮನೆಯಲ್ಲಿ ಹೆಂಡತಿ ತುಂಬು ಬಸುರಿ.

ಎರಡು ಸಾವಿರದ ದಶಕದ ನಡುವಿನ ಮಾತು. ಶಾಲೆಗೆ ಹೊಸದಾಗಿ ಲ್ಯಾಪ್‌ಟಾಪ್‌ಗಳು ಬಂದಿದ್ದವು. ತಂತಿಯಿಲ್ಲದೆ ಅವಕ್ಕೆ ನೆಟ್‌ವರ್ಕ್ ಸಿಗಲೆಂದು ಕೆಳಗಿನ ಕಾರಿಡಾರಿನಿಂದ ಮಹಡಿಯ ಕೊನೆಯ ಕೋಣೆವರೆಗೆ ನಾಲ್ಕು ವೈಫೈ ಪೆಟ್ಟಿಗೆ ತಗುಲಿಸಿದ್ದೆ. ಲ್ಯಾಪ್‌ಟಾಪ್ ಹಿಡಿದು ನಡೆದರೆ ಒಂದು ಪೆಟ್ಟಿಗೆ ಬಿಟ್ಟದ್ದನ್ನು ಮುಂದಿನದು ಹಿಡಿದುಕೊಳ್ಳಬೇಕು. ಪೆಟ್ಟಿಗೆ ನಾಲ್ಕು, ಒಂದಕ್ಕೊಂದು ತಾಗದೆ ಅವು ಮಾತಾಡುವ ಗಾಳಿಯ ದಾರಿ, ಅಂದರೆ ಚಾನಲ್, ಮಾತ್ರ ಮೂರೇ. ಹಾಗಾಗಿ ಒಂದೇ ಚಾನಲ್‌ನ ಎರಡನ್ನು ಎರಡು ತುದಿಗೆ ಹಾಕಿದ್ದೆ. ಅವು ಅಕ್ಕಪಕ್ಕ ಬಂದರೆ ಒಂದರ ಮಾತಿಗೆ ಇನ್ನೊಂದು ಅಡ್ಡಬಾಯಿ ಹಾಕುತ್ತದೆ.

ಆಯುಧಪೂಜೆಗೆ ಎಲ್ಲವನ್ನೂ ಇಳಿಸಿ ಲ್ಯಾಬಿನ ಮೇಜಿನ ಮೇಲೆ ಸಾಲಾಗಿ ಇಟ್ಟೆವು. ಶಾಲೆಯ ಆಯಮ್ಮ ಒರೆಸಿ, ವಿಭೂತಿ ಬಳಿದು, ಕುಂಕುಮವಿಟ್ಟು ಸೇವಂತಿಗೆ ಏರಿಸಿದರು. ಪೂಜೆಗಿಟ್ಟದ್ದನ್ನು ಅವತ್ತು ಮುಟ್ಟುವಂತಿಲ್ಲ. ಮರುದಿನ ಬೆಳಿಗ್ಗೆ, ಜಂಬೂಸವಾರಿಗೆ ರಸ್ತೆ ಬಂದ್ ಆಗುವ ಮೊದಲು ಮನೆ ಸೇರುವ ಆತುರದಲ್ಲಿ, ನಾನೇ ಏಣಿ ಹತ್ತಿ ಕೈಗೆ ಸಿಕ್ಕಿದ್ದನ್ನು ಸಿಕ್ಕ ಜಾಗಕ್ಕೆ ತಗುಲಿಸಿ ಬಂದೆ. ನಾಲ್ಕೂ ನೋಡಲು ಒಂದೇ ಥರ. ಯಾವುದು ಎಲ್ಲಿಯದೆಂದು ಬರೆದಿಟ್ಟಿರಲಿಲ್ಲ.

ರಜೆ ಮುಗಿದ ಮೊದಲ ದಿನವೇ ಸೆಕ್ರೆಟರಿ ಬಂದರು. ತಂತಿಯಿಲ್ಲದ ನೆಟ್‌ವರ್ಕ್ ತೋರಿಸಲು ಹೆಡ್‌ಮಿಸ್ಸು ಅದರಲ್ಲಿ ವಿಡಿಯೊ ಓಡುತ್ತಿದ್ದ ಲ್ಯಾಪ್‌ಟಾಪ್ ಹಿಡಿದು ಅವರ ಜೊತೆ ಮಹಡಿ ಹತ್ತಿದರು. ಅರ್ಧ ಮೆಟ್ಟಿಲಿಗೆ ಚಿತ್ರ ನಿಂತಿತು. ಒಂದೇ ಚಾನಲ್‌ನ ಎರಡನ್ನೂ ಪಕ್ಕಪಕ್ಕ ತಗುಲಿಸಿದ್ದೇನೆಂದು ಆಗಲೇ ಹೊಳೆಯಿತು.

ಗೋಡೆಯ ಪೆಟ್ಟಿಗೆಯ ಮೇಲೆ ಕುಂಕುಮ ಕಂಡು ಹೆಡ್‌ಮಿಸ್ಸಿಗೆ ಸಿಟ್ಟು ಬಂತು. ಆಯಮ್ಮ ಒದ್ದೆ ಬಟ್ಟೆಯಲ್ಲಿ ಒರೆಸಿದ್ದಕ್ಕೇ ಒಳಗೆ ನೀರು ಇಳಿದಿರಬೇಕು ಎಂದರು. ಪೊರಕೆ ಹಿಡಿದು ಅಲ್ಲೇ ನಿಂತಿದ್ದ ಆಯಮ್ಮ, ಒಣಬಟ್ಟೆಯಲ್ಲೇ ಒರೆಸಿದ್ದು ಎಂದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸೆಕ್ರೆಟರಿ ನನ್ನ ಕಡೆ ತಿರುಗಿ, ಹೌದೇನು ಎಂದು ಕೇಳಿದರು.

“ಇರಬಹುದು ಸಾರ್” ಎಂದೆ.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅಂತಾರಲ್ಲ, ನನಗೆ ತಪ್ಪಿದ ದೊಣ್ಣೆ ಆಯಮ್ಮನ ತಲೆಗೆ ಬಿತ್ತು. ಎಲ್ಲರೆದುರು ಬೈಸಿಕೊಂಡರು. ಸಂಜೆ ಶಾಲೆ ಖಾಲಿಯಾದ ಮೇಲೆ ಪೆಟ್ಟಿಗೆಗಳನ್ನು ಕದ್ದುಮುಚ್ಚಿ ಅದಲುಬದಲು ಮಾಡಿದೆ. ಮರುದಿನ ಚಿತ್ರ ಎಲ್ಲೂ ನಿಲ್ಲಲಿಲ್ಲ. ಬೇಗ ರಿಪೇರಿ ಮಾಡಿದನೆಂದು ನನ್ನನ್ನು ಹೊಗಳಿದರು, ಆರ್ಡರೂ ಬಂತು. ಭಯ ಮಾತ್ರ ಹೋಗಲಿಲ್ಲ. ಆಮೇಲೆ ಆಯಮ್ಮ ಎದುರು ಬಂದರೂ ಅಂಗೈ ಬೆವರುತ್ತಿತ್ತು.

ಮುಂದಿನ ಆಯುಧಪೂಜೆಗೆ ಅವರು ಲ್ಯಾಬಿನ ಹೊಸಿಲ ಆಚೆಯೇ ನಿಂತು ಕುಂಕುಮದ ಬಟ್ಟಲು ಚಾಚಿದರು.

“ನೀವೇ ಇಕ್ಬುಡಿ ಸಾ. ನಾ ಮುಟ್ಟುದ್ರೆ ಕೆಟ್ಟೋಯ್ತವೆ.”

ಮಾತಿನಲ್ಲಿ ಕೊಂಕಿರಲಿಲ್ಲ. ನಿಜಕ್ಕೂ ಹಾಗೆಂದೇ ನಂಬಿದ್ದರು. ಆ ಸಲ ಮತ್ತೆ ಜಾಗ ಅದಲುಬದಲಾಗದಿರಲೆಂದು ಪ್ರತಿ ಪೆಟ್ಟಿಗೆಗೂ ನಂಬರ್ ಬರೆದಿದ್ದೆ. ಅದು ಅವರ ಕಣ್ಣಿಗೆ ಬೀಳದ ಹಾಗೆ ತಿರುಗಿಸಿಟ್ಟು, ನಾಲ್ಕಕ್ಕೂ ಕುಂಕುಮ ಇಟ್ಟೆ.