ಜುಂಜಯ್ಯನ ಟಗರಿನ ನಾಲಗೆ

ಧರ್ಮಪುರದ ಕಡೆ ಕುರಿ ಮೇಯಿಸಿಕೊಂಡೇ ಐವತ್ತು ದಾಟಿದ ಜುಂಜಯ್ಯನಿಗೆ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು. ಮರಿಯಾಗಿದ್ದಾಗಿನಿಂದ ಅವನು ಎದೆಗವಚಿಕೊಂಡು ಸಾಕಿದ ಟಗರು ಈಗ ಚಿತ್ತಮ್ಮ ಕಲಸಿದ ಶೇಂಗಾ ಹಿಂಡಿಯನ್ನಷ್ಟೇ ತಿನ್ನುತ್ತಿತ್ತು. ಅವನು ಕಲಸಿದ್ದನ್ನು ಒಮ್ಮೆ ನೆಕ್ಕಿ, ಸೀನಿ, ಮುಖ ತಿರುಗಿಸುತ್ತಿತ್ತು.

ಹಿಂಡಿ ಅದೇ, ಉಪ್ಪೂ ಅದೇ. ಒಂದು ದಿನ ಅವಳು ಒಳಗೆ ಹೋದಾಗ ಜುಂಜಯ್ಯ ಇಬ್ಬರೂ ಕಲಸಿಟ್ಟ ಬೋಗುಣಿಗಳನ್ನು ಅದಲುಬದಲು ಮಾಡಿಟ್ಟ. ಟಗರು ಎರಡನ್ನೂ ನೆಕ್ಕಿ ನೋಡಿ ಅವಳದಕ್ಕೇ ಬಾಯಿ ಹಾಕಿತು. ರೋಷ ತಡೆಯಲಾರದೆ ಅವನೂ ಎರಡರಲ್ಲೂ ಬೆರಳದ್ದಿ ಚೀಪಿದ. ಒಂದೇ ರುಚಿ!

“ಏನು ಮಾಟ ಮಾಡಿದ್ದೀಯ ಹೇಳೇ!” ಎಂದು ಕೂಗಿದ.

ಚಿತ್ತಮ್ಮ ಹೊರಗೆ ಬಂದಳು. “ನಾನ್ಯಾಕೆ ಮಾಟ ಮಾಡ್ಲಿ? ಯುಗಾದಿಗೆ ಮುಂಚೆ ಜಂತಿನ ಔಷ್ದೀನ ಹಿಂಡಿಗೆ ಸೇರಿಸಿ, ಹೊಲದ ಬೋರಿನ ನೀರಲ್ಲಿ ಕಲಸಿ ತಿನ್ನಿಸಿದ್ದು ನೀನು. ಎರಡು ದಿನ ಹೊಟ್ಟೆ ಕೆಟ್ಟು ಒದ್ದಾಡ್ತು. ನೀನು ಈಗ್ಲೂ ಆ ಸವುಳು ನೀರಲ್ಲೇ ಕಲಸ್ತೀಯ, ನಾನು ಮನೆ ನಲ್ಲಿ ನೀರಲ್ಲಿ ಕಲಸ್ತೀನಿ. ಆ ನೀರಿನ ರುಚಿ ನಿನ್ನ ನಾಲ್ಗೆಗೆ ಗೊತ್ತಾಗದಿದ್ರೂ ಅದಕ್ಕೆ ಗೊತ್ತೈತೆ.”

ಮಾರನೆಯ ದಿನ ಜುಂಜಯ್ಯ ನಲ್ಲಿ ನೀರಲ್ಲೇ ಕಲಸಿ ತಂದ. ಟಗರು ಬೋಗುಣಿಯ ತಳ ಕಾಣುವವರೆಗೂ ತಿಂದಿತು. ಅವನ ಎದೆ ಉಬ್ಬಿತು.

ತಿಂದು ಮುಗಿಸಿದ ಟಗರು ಅವನನ್ನು ದಾಟಿ ಹೋಗಿ, ಚಿತ್ತಮ್ಮನ ಸೀರೆಗೆ ಮೂತಿ ಒರೆಸಿಕೊಂಡಿತು.