ಕುರ್ಚಿಯ ಕಾಲಿಗೆ ಎರಡು ಲಾಳ

ಫ್ರಾನ್ಸಿನ ಪೀಠೋಪಕರಣಗಳಲ್ಲಿ ಬರುವ ಪ್ರಾಣಿರೂಪಗಳನ್ನು ಕುರಿತ ನನ್ನ ಪುಸ್ತಕದ ಕೊನೆಯ ಕರಡು ಮುದ್ರಣಾಲಯಕ್ಕೆ ಹಿಂತಿರುಗಬೇಕಾಗಿದ್ದ ವಾರವದು. ನಂಜನಗೂಡಿನ ಮನೆಯಲ್ಲಿ ಕುಳಿತು ಪ್ರತಿಯೊಂದು ಇಸವಿಯನ್ನೂ ಎರಡೆರಡು ಆಕರಗಳೊಡನೆ ತಾಳೆ ನೋಡಿ ಮುಗಿಸಿದ್ದೆ. ಸಿಂಹದ ಪಂಜ, ಹಂಸದ ಕತ್ತು, ಯಾವುದರ ಕಾಲವೂ ತಪ್ಪಿರಲಿಲ್ಲ. ಉಳಿದದ್ದು ಒಂದೇ ಚಿತ್ರ, ತಿ. ನರಸೀಪುರದ ಮನೆಯೊಂದರ ಹಳೆಯ ಬೀಟೆ ಕುರ್ಚಿಯದು. ಅದರಡಿ ‘ಕುದುರೆಗೊರಸಿನ ಕಾಲು’ ಎಂದು ಬರೆದಿದ್ದೆ. ಫ್ರೆಂಚರು ಜಿಂಕೆಯ ಪಾದವೆಂದು ಕರೆಯುವ ಮಾದರಿಯನ್ನು ನಮ್ಮ ಕೆತ್ತನೆಗಾರರು ಕುದುರೆಯದಾಗಿ ಬದಲಿಸಿಕೊಂಡರು ಎಂಬುದೇ ಕೊನೆಯ ಅಧ್ಯಾಯದ ವಾದ. ಆದರೆ ಕುರ್ಚಿಯನ್ನು ನಾನು ಛಾಯಾಚಿತ್ರದಲ್ಲಷ್ಟೇ ನೋಡಿದ್ದೆ.

ಅದು ದುರಸ್ತಿಗೆಂದು ಅಲ್ಲಿನ ಬಡಗಿಯೊಬ್ಬರ ಅಂಗಳಕ್ಕೆ ಬಂದಿದೆ ಎಂದು ತಿಳಿದು, ಬೆಳಗಿನ ಬಸ್ಸಿಗೆ ಹೊರಟೆ. ಅಂಗಳದಲ್ಲಿ ಕುರ್ಚಿಯ ಪಕ್ಕ ಕುಳಿತು, ಚಿತ್ರದಡಿ ಬರೆದದ್ದನ್ನು ಬಡಗಿಗೆ ಓದಿ ಹೇಳಿದೆ.

“ಕುದ್ರೆನಾ? ಯಾರ್ ಸಾ ಏಳಿದ್ದು?” ಎಂದರು ಬಡಗಿ.

“ನಾನೇ” ಎಂದೆ.

ಅವರು ಉಳಿಯ ತುದಿಯಿಂದ ಗೊರಸಿನ ನಡುವೆ ಮೆಲ್ಲನೆ ಕೆರೆದರು. ಕಪ್ಪು ಪುಡಿ ಉದುರಿ, ನೇರವಾದ ಸೀಳೊಂದು ಕಾಣಿಸಿತು.

“ಪಾಲಿಶ್ ಮೇಲೆ ಪಾಲಿಶ್ ಬಳ್ದು ಮುಚ್ಚೋಗೈತೆ. ಕುದ್ರೆಗಾದ್ರೆ ಕಾಲಿಗೊಂದೇ ಲಾಳ. ಇದ್ಕೆ ಎಲ್ಡು ಒಡೀಬೇಕು. ಎತ್ತು ಕಣ್ರೀ ಸಾ.”

ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅವರ ಹೆಂಡತಿ ತಲೆಯೆತ್ತಲಿಲ್ಲ. “ಇವ್ರು ಯಾವತ್ ಎತ್ತು ಕಟ್ಟಿದ್ರು ಸಾ, ಗೊರಸು ಗೊತ್ತಾಗಕ್ಕೆ? ಅಷ್ಟು ಸಣ್ಕಿದ್ರೆ ಅದು ಮೇಕೆದು.”

“ನೀ ಸುಮ್ಕಿರಮ್ಮಿ, ನಿಂಗೆಲ್ಲಾ ಮೇಕೆನೇ.”

ಮೂಲದಲ್ಲಿ ಅದು ಜಿಂಕೆ ಎಂದೆ.

“ಅಂಗಾದ್ರೆ ನಾನೇಳಿದ್ದೇ ಅತ್ರ” ಎಂದರು ಆಕೆ.

ಉಳಿದ ಮೂರು ಕಾಲುಗಳನ್ನೂ ಕೆರೆಸಿ ನೋಡಿದೆ. ಎಲ್ಲವೂ ಸೀಳುಗೊರಸುಗಳೇ. ವಾದ ಅಲ್ಲಿಗೆ ಬಿದ್ದುಹೋಯಿತು. ವಿಚಿತ್ರವೆಂದರೆ ನನಗೆ ಬೇಸರವಾಗಲಿಲ್ಲ. ಈ ಕೆತ್ತನೆಗಾರ ಏನನ್ನೂ ಬದಲಿಸಿರಲಿಲ್ಲ. ಕಂಡರಿಯದ ದೇಶದ ಜಿಂಕೆಯನ್ನು ಗೊರಸಿನ ಸೀಳಿನವರೆಗೂ ನಿಷ್ಠೆಯಿಂದ ಬೀಟೆಗೆ ಇಳಿಸಿದ್ದ. ನಾನು ಹೇಳಿದ್ದಕ್ಕಿಂತ ಇದೇ ದೊಡ್ಡ ಮಾತು. ಬಡಗಿಯ ಹಲಗೆಯ ಮೇಲೆಯೇ ಕರಡನ್ನು ಹರಡಿ, ಎರಡು ಪುಟಗಳನ್ನು ಹೊಡೆದುಹಾಕಿ, ಚಿತ್ರದಡಿ ‘ಸೀಳುಗೊರಸಿನ ಕಾಲು, ಜಿಂಕೆಯ ಮಾದರಿ, ಕಾಲ ಖಚಿತವಿಲ್ಲ’ ಎಂದು ತಿದ್ದಿದೆ.

“ಎತ್ತು ಅಂತ ಒಂದ್ ಕಡೆನಾದ್ರೂ ಆಕಿ ಸಾ” ಎಂದರು ಬಡಗಿ.

ಅದು ನ್ಯಾಯವೆನಿಸಿ ಅಡಿಟಿಪ್ಪಣಿ ಸೇರಿಸಿ ಓದಿ ಹೇಳಿದೆ: ‘ದುರಸ್ತಿ ಮಾಡಿದ ಬಡಗಿಯ ಅಭಿಪ್ರಾಯದಲ್ಲಿ ಎತ್ತು, ಅವರ ಪತ್ನಿಯ ಅಭಿಪ್ರಾಯದಲ್ಲಿ ಮೇಕೆ.’

“ನಂದು ಮೊದ್ಲು ಬರ್ಬೇಕಿತ್ತು” ಎಂದರು ಆಕೆ.