ತೇಲಿದ ಮೊಟ್ಟೆಗಳು

ನಾನು ಚಿಕ್ಕವಳಿದ್ದಾಗ ಹುತ್ರಿದುರ್ಗದ ಬೆಟ್ಟದ ಬುಡದ ನಮ್ಮ ಮನೆಯಲ್ಲಿ ಒಂದು ಕೆಂಪು ಕೋಳಿ ಇತ್ತು. ಅದನ್ನು ಮರಿಯಿಂದ ಸಾಕಿದವಳು ನಾನು. ಈ ಸಲ ಅದು ಕಾವು ಕೂತು ಮರಿ ಮಾಡಿದರೆ ಮರಿಗಳೆಲ್ಲ ನಿನ್ನವೇ ಎಂದು ಅಮ್ಮ ಮಾತು ಕೊಟ್ಟಿದ್ದಳು. ನಾನು ಹಿಗ್ಗಿ ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಆದರೆ ಒಂದು ದಿನ ಮೇಯಲು ಹೋದ ಕೋಳಿ ಮನೆಗೆ ಬರಲೇ ಇಲ್ಲ. ಮುಂಗುಸಿ ಹಿಡಿದಿರಬೇಕು, ಆಸೆ ಬಿಡು ಎಂದು ಅಪ್ಪ ಹೇಳಿದ. ವಾರಗಳು ಕಳೆದರೂ ನಾನು ನಂಬಲಿಲ್ಲ. ನನ್ನ ಕೋಳಿ ಮುಂಗುಸಿಗೆ ಸಿಗುವಷ್ಟು ಪೆದ್ದಲ್ಲ ಎಂದು ಅಪ್ಪನ ಜೊತೆಗೇ ವಾದ ಹೂಡುತ್ತಿದ್ದೆ.

ಗುಬ್ಬಿಯಿಂದ ಮಾವ ಬಂದಿದ್ದ ದಿನ. ಮಧ್ಯಾಹ್ನ ಒಲೆಗೆಂದು ಅಕ್ಕ ತೋಟದ ಮೂಲೆಯ ಒಣ ತೆಂಗಿನ ಗರಿ ಎಳೆದರೆ, ರಾಶಿಯ ಅಡಿಯಲ್ಲಿ ಮೊಟ್ಟೆಗಳು. ಲಂಗದ ಮಡಿಲಲ್ಲಿ ತುಂಬಿಕೊಂಡು ಓಡಿ ಬಂದಳು. ಮೊಟ್ಟೆಗಳು ಬೆಚ್ಚಗಿದ್ದವು. ಅಂಥ ಸುಡುಬಿಸಿಲು, ಅದಕ್ಕೇ ಇರಬೇಕೆಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮಾವನಿಗೆ ಮೊಟ್ಟೆ ಸಾರು ಮಾಡುತ್ತೇನೆಂದು ಅಮ್ಮ ಆಗಲೇ ಈರುಳ್ಳಿ, ಕೊಬ್ಬರಿ ಹುರಿಯತೊಡಗಿದಳು. ಮನೆಯೆಲ್ಲ ಘಮಘಮ ಎನ್ನುತ್ತಿತ್ತು.

ಯಾವಾಗಿನದೋ ಗೊತ್ತಿಲ್ಲದ ಮೊಟ್ಟೆಯನ್ನು ನಮ್ಮ ಮನೆಯಲ್ಲಿ ನೀರಿಗೆ ಬಿಡದೆ ಒಡೆಯುತ್ತಿರಲಿಲ್ಲ. ಮುಳುಗಿ ಅಡ್ಡ ಮಲಗಿದರೆ ಹೊಸದು. ತಳದಲ್ಲೇ ನೆಟ್ಟಗೆ ನಿಂತರೆ ಹಳೆಯದು, ಬೇಗ ಬೇಯಿಸಬೇಕು. ತೇಲಿದರೆ ತಿಪ್ಪೆಗೆ. ಅಕ್ಕ ಬಿಸಿಲಿಗೆ ಉಗುರುಬೆಚ್ಚಗಾಗಿದ್ದ ನೀರನ್ನು ಬೋಗುಣಿಗೆ ಸುರಿದು ಒಂದೊಂದಾಗಿ ಬಿಟ್ಟಳು. ಎಲ್ಲವೂ ತೇಲಿದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅಮ್ಮ ಗೊಣಗಿ, ಎಸೆದು ಬಾ ಎಂದು ಅಕ್ಕನಿಗೆ ಹೇಳಿದಳು.

ನಾನು ಬೋಗುಣಿಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದೆ. ಯಾರೂ ಮುಟ್ಟದೆ ಒಂದು ಮೊಟ್ಟೆ ಅಲುಗಿದ್ದನ್ನು ಕಂಡೆ. ನೀನೇ ನೀರು ಕಲಕಿರುತ್ತೀಯ ಎಂದು ಅಕ್ಕ ನಕ್ಕಳು. ಕಂಡದ್ದನ್ನು ಕಂಡಿಲ್ಲ ಎನ್ನುವ ಜಾಯಮಾನ ನನ್ನದಲ್ಲ. ಬೋಗುಣಿಯನ್ನು ಎರಡೂ ತೋಳಲ್ಲಿ ತಬ್ಬಿಕೊಂಡು ಅಜ್ಜಿಯನ್ನು ಕೂಗಿದೆ.

ಅಜ್ಜಿ ಬಂದು ಮೊದಲು ನನ್ನನ್ನೇ ದೂರ ಸರಿಸಿದಳು. ನೀರು ಪೂರ್ತಿ ನಿಲ್ಲುವವರೆಗೆ ಸುಮ್ಮನೆ ಕಾದಳು. ಆಮೇಲೆ ಒಂದು ಮೊಟ್ಟೆ ಕುಲುಕಿತು, ಮೀನು ಕಚ್ಚಿದಾಗ ಗಾಳದ ಬೆಂಡು ಕುಲುಕುವ ಹಾಗೆ. ಪಕ್ಕದ್ದೂ ಕುಲುಕಿತು. ಎರಡು ಮಾತ್ರ ಸುಮ್ಮನೆ ತೇಲುತ್ತಿದ್ದವು.

“ಇವೆರಡು ಕೆಟ್ಟವೆ. ಮಿಕ್ಕಿದ್ದೆಲ್ಲ ಜೀವ ಕಣೇ, ಒಳಗೆ ಮರಿ ಬಲ್ತವೆ,” ಅಂದಳು ಅಜ್ಜಿ. “ಕಾವು ಆರೋಕೆ ಮುಂಚೆ ಇದ್ದ ಜಾಗದಲ್ಲೇ ಇಕ್ಕಿ ಬಾ, ಓಡು.”

ಒರೆಸಿ, ಬಟ್ಟೆಯಲ್ಲಿ ಸುತ್ತಿ ಅಕ್ಕನೂ ನಾನೂ ತೋಟಕ್ಕೆ ಓಡಿದೆವು. ಗರಿಯ ರಾಶಿಯ ಸುತ್ತ ನನ್ನ ಕೆಂಪು ಕೋಳಿ ಗಾಬರಿಯಿಂದ ಕೂಗುತ್ತ ಓಡಾಡುತ್ತಿತ್ತು. ಕಾವು ಕೂತು ಕೂತು ಬಡಕಲಾಗಿತ್ತು. ಒಂದಿಷ್ಟು ಮೇದು ಬರಲು ಎದ್ದು ಹೋಗಿದ್ದಾಗಲೇ ಅಕ್ಕ ಮೊಟ್ಟೆ ತಂದಿದ್ದಳು. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಮೊಟ್ಟೆ ಇಟ್ಟ ಕೂಡಲೇ ಅದು ರೆಕ್ಕೆ ಅಗಲಿಸಿ ಕೂತುಬಿಟ್ಟಿತು. ಮಾವ ಅವತ್ತು ಹುರುಳಿಕಾಳಿನ ಸಾರನ್ನೇ ಉಂಡು ಊರಿಗೆ ಹೋದರು. ಎರಡು ದಿನಕ್ಕೆ ಮರಿಗಳು ಚಿಂವ್‌ಗುಟ್ಟುತ್ತ ಹೊರಬಂದವು, ಅಷ್ಟೂ ನನ್ನವೇ.

ಈಗ ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಮನೆಗೆ ಮೊಟ್ಟೆ ಟ್ರೇಯಲ್ಲಿ ಬಂದು ಫ್ರಿಜ್ಜಿಗೆ ಹೋಗುತ್ತದೆ. ಅದನ್ನು ಇಟ್ಟ ಕೋಳಿಯನ್ನು ಮೊಮ್ಮಕ್ಕಳು ಕಂಡೇ ಇಲ್ಲ. ಮೊನ್ನೆ ಮೊಮ್ಮಗ ಫೋನಿನಲ್ಲಿ ನೋಡಿಕೊಂಡು ಹಳೆಯ ಮೊಟ್ಟೆಯೊಂದನ್ನು ಗಾಜಿನ ಲೋಟದ ನೀರಿಗೆ ಬಿಟ್ಟ. ತೇಲಿತು. ಕಸದ ಡಬ್ಬಿಗೆ ಹಾಕಲು ಹೊರಟವನನ್ನು ತಡೆದು, ನೀರು ನಿಲ್ಲಲಿ ಎಂದು ಈ ಕಥೆ ಹೇಳಿದೆ. ಅಂಗಡಿ ಮೊಟ್ಟೆಯಲ್ಲಿ ಮರಿ ಇರುವುದಿಲ್ಲವೆಂದು ನನಗೂ ಗೊತ್ತು, ಅವನಿಗೂ ಗೊತ್ತು. ಆದರೂ ಇಬ್ಬರೂ ಬಗ್ಗಿ ನೋಡಿದೆವು. ಅದು ಅಲುಗಲಿಲ್ಲ. ಸಾಕೆಂದು ನಾನು ಲೋಟಕ್ಕೆ ಕೈ ಹಾಕಿದೆ.

“ಇರು ಅಜ್ಜಿ,” ಅಂದ ಅವನು. “ಇನ್ನೊಂದ್ ನಿಮಿಷ ನೋಡೋಣ.”